ಟೋಪಿಯೊಳಗಿನ ಕಾವು

ಫೆಬ್ರವರಿ 22, ಶನಿವಾರ

ಮತ್ತೆ ಟೋಪಿ. ಮತ್ತೆ ಅದೇ ಹಣೆಬರಹ.

ಬೆಳಿಗ್ಗೆ ಎಲ್ಲರೂ ತಂತಮ್ಮ ಗುರುತಿನ ಗಾಲ್ಫ್ ಚೆಂಡನ್ನು ಕ್ಯಾಪ್ಟನ್ ಡೂಗಲ್ ಪಿಟ್‌ಕೇರ್ನನ ಉಣ್ಣೆ ಟೋಪಿಗೆ ಹಾಕಿದೆವು. ಆಸಾಮಿ ಆಕಾಶ ನೋಡುತ್ತ ಒಂದೊಂದೇ ಎತ್ತಿದ. ಮೊದಲ ನಾಲ್ಕು ಚೆಂಡಿನವರು ಒಟ್ಟಿಗೆ ಆಡಬೇಕು, ಆಮೇಲಿನ ನಾಲ್ವರು ಒಟ್ಟಿಗೆ... ಅಜ್ಜನ ಕಾಲದ ಪದ್ಧತಿ. ಮೊದಲ ನಾಲ್ಕು ಯಾರು? ಡೂಗಲ್ ಮತ್ತವನ ಮೂವರು ಗೆಳೆಯರು. ಯಾವಾಗಲೂ. ಹೊಸಬರು ಬಾಲದಲ್ಲಿ, ನನ್ನ ಜತೆ. ನಮ್ಮ ಇನ್ವರ್‌ಕೆಲ್ಲಿ ಕ್ಲಬ್ಬಿನಲ್ಲಿ ಕುಳಿ ಹದಿನೆಂಟು, ಕುಳ ನಾಲ್ಕು.

ಆಟ ಮುಗಿದ ಮೇಲೆ ಮಾರ್ವೆನ್ ಲೇಡ್ಲಾ — ದನದ ಡಾಕ್ಟರು, ಕಳೆದ ವರ್ಷ ನಾನೇ ಪುಸಲಾಯಿಸಿ ಸೇರಿಸಿದವಳು — ಕಾರಿನ ಹತ್ತಿರ ಹಿಡಿದಳು.

"ಹೆಕ್ಟರ್, ವರ್ಷಪೂರ್ತಿ ನಿಮ್ಮ ಮುಖಾನೇ ನೋಡಿದೀನಿ. ಬೇಜಾರು ಮಾಡ್ಕೋಬೇಡಿ, ಒಳ್ಳೇ ಮುಖಾನೇ. ಮಾರ್ಚ್ ಮುಗಿಯೋದ್ರೊಳಗೆ ಒಂದ್ಸಲನಾದ್ರೂ ಆ ನಾಲ್ವರಲ್ಲಿ ಯಾರ ಜೊತೆಗಾದ್ರೂ ಆಡೋಕೆ ಸಿಗದಿದ್ರೆ, ನಾನು ಪಕ್ಕದೂರಿನ ಕ್ಲಬ್ಬಿಗೆ."

ಅವಳ ಹಿಂದೆ ಏಳು ಗೆಳತಿಯರು ಕಾದಿದ್ದಾರೆ. ಅವಳು ಉಳಿದರೆ ಬರುತ್ತಾರೆ. ಇಲ್ಲದಿದ್ದರೆ ನಾವು ಪಕ್ಕದೂರಿನವರ ಬಾಲಂಗೋಚಿ. ವಿಲೀನದ ಮಾತು ಆಗಲೇ ಎದ್ದಿದೆ.

ಸದಸ್ಯರ ಆಕರ್ಷಣೆ ನನ್ನ ಖಾತೆ. ಘರ್ಷಣೆ ಡೂಗಲ್‌ದು. ಬಿಟ್ಟುಹೋದವರಿಗೆಲ್ಲ ಫೋನ್ ಮಾಡಿ "ದಯವಿಟ್ಟು ಉಳಿಯಿರಿ" ಎಂದು ಗೋಗರೆಯುವುದೂ ನಿಯಮದ ಪ್ರಕಾರ ನನ್ನ ಪಾಲಿಗೇ. ಈ ಚಳಿಗಾಲ ಗೋಗರೆದೇ ಗಂಟಲು ಕಟ್ಟಿತು.

ಮಾರ್ಚ್ 1

ಒದ್ದೆ ಕೈಗವಸು ಒಣಹಾಕಲು ಬಟ್ಟೆ ಬದಲಿಸುವ ಕೋಣೆಗೆ ಹೋದೆ. ಹೀಟರಿನ ಮೇಲೆ ಆ ನಾಲ್ವರ ಗುರುತಿನ ನಾಲ್ಕು ಚೆಂಡು, ಕಾವಿಗೆ ಇಟ್ಟ ಮೊಟ್ಟೆಗಳ ಹಾಗೆ. ಒಂದನ್ನು ಮುಟ್ಟಿದೆ. ಸುಡುತ್ತಿತ್ತು.

ಥೂ, ನನ್ನ ಬುದ್ಧಿಗಿಷ್ಟು... ಆಸಾಮಿಯ ಕಣ್ಣು ಆಕಾಶದಲ್ಲಿ, ಬೆರಳು ಬಿಸಿ ಹುಡುಕುವುದರಲ್ಲಿ. ದೈವೇಚ್ಛೆ ಎಂದು ಹೊಸಬರಿಗೆಲ್ಲ ಸಮಾಧಾನ ಹೇಳಿದೆನಲ್ಲ, ಅದು ಡೂಗಲೇಚ್ಛೆ.

ಮಾರ್ಚ್ 4, ಮಂಗಳವಾರ

ಸಮಿತಿ ಸಭೆ. ಎತ್ತಿದೆ ಮಾತು. ಡೂಗಲ್ ಬೆಚ್ಚಲಿಲ್ಲ. ನಿಧಾನವಾಗಿ ಮೀಸೆ ಒರೆಸಿಕೊಂಡ.

"ಅಂದ್ರೆ, ಬೇರೆಯವರ ಚೆಂಡು ಮುಟ್ಟಿದೆ ಅಂತೀಯ?"

ಮುಗಿಯಿತು. ಪರರ ಹೆಂಡತಿಯನ್ನು ಹಾರಿಸಿಕೊಂಡು ಹೋದವನಿಗೂ ಇಲ್ಲಿ ಕ್ಷಮೆಯುಂಟು, ಪರರ ಚೆಂಡು ಮುಟ್ಟಿದವನಿಗಿಲ್ಲ. ಸಭೆಯುದ್ದಕ್ಕೂ ನನ್ನ ಕೈಯ ಮೇಲೆ ಚರ್ಚೆ, ಹೀಟರಿನ ಬಗ್ಗೆ ಒಂದು ಮಾತಿಲ್ಲ. ಕೊನೆಗೆ ನನಗೇ ಎಚ್ಚರಿಕೆ. ಕ್ಲಬ್ ಎಂದರೆ ಕೂಟವೂ ಹೌದು, ಕೋಲೂ ಹೌದು. ನನಗೆ ಬಿದ್ದದ್ದು ಎರಡನೆಯದು.

ಮಾರ್ಚ್ 15

ಇವತ್ತೂ ಅದೇ ನಾಲ್ವರು. ಮಾರ್ವೆನ್‌ಗೆ ಗುಟ್ಟು ಹೇಳಿಬಿಟ್ಟೆ. ನೀನೂ ಚೆಂಡು ಕಾಯಿಸಿಕೋ ಅಂದೆ. ಹೊಟ್ಟೆಯುಬ್ಬರದ ಕರುವನ್ನು ನೋಡುವ ಹಾಗೆ ನೋಡಿದಳು.

"ಕದ್ದು ನುಗ್ಗೋದಾದ್ರೆ ಚಂದಾ ಯಾಕೆ ಕಟ್ಲಿ?"

ಮನೆಗೆ ಬಂದು ಸಮಿತಿಗೆ ಒಂದು ಸೂಚನೆ ಬರೆಯಲು ಕುಳಿತೆ.

ಮಾರ್ಚ್ 20, ಗುರುವಾರ

ಸಮಿತಿ. ಒಂದೇ ಸೂಚನೆ ಮಂಡಿಸಿದೆ — ಉಳಿತಾಯಕ್ಕಾಗಿ ತಿಂಗಳ ಕೊನೆಯವರೆಗೆ ಹೀಟರ್ ಬಂದ್. ಅನುಮೋದಿಸಿದ್ದು ಯಾರು? ಡೂಗಲ್. ಮಾತು ಮುಗಿಯುವ ಮೊದಲೇ ಕೈ ಮೇಲೆ. ಸ್ಕಾಟ್ಲೆಂಡಿನವರಾದ ನಾವೇ ನಾಚುವ ಜಿಪುಣ. ಉಳಿತಾಯವೆಂದರೆ ತನ್ನ ನೇಣಿಗೂ ಅನುಮೋದನೆ ಕೊಟ್ಟಾನು.

ಕಾರಿನ ಬಾಗಿಲು ಹಾಕಿಕೊಂಡ ಮೇಲೆ ನಕ್ಕೆ.

ಮಾರ್ಚ್ 22

ಸಮುದ್ರದ ಕಡೆಯಿಂದ ಬಿರುಗಾಳಿ. ಆಟ ರದ್ದು. ಇನ್ನೊಂದೇ ಶನಿವಾರ.

ಮಾರ್ಚ್ 29, ಶನಿವಾರ, ಮಧ್ಯಾಹ್ನ

ಕೋಣೆ ಮಂಜುಗಡ್ಡೆ. ಎಲ್ಲರೂ ಜೇಬಿನಲ್ಲಿ ಕೈ ಹುದುಗಿಸಿ, ತಂತಮ್ಮ ಚೆಂಡು ಹಿಸುಕುತ್ತ ನಿಂತಿದ್ದರು. ಟೋಪಿಗೆ ಬಿದ್ದವೆಲ್ಲ ಒಂದೇ ಕಾವು. ಡೂಗಲ್‌ನ ಕೈ ಒಳಗೆ ತಿರುಗಿತು, ತಿರುಗಿತು... ಮೊದಲ ಬಾರಿಗೆ ಆಕಾಶ ಬಿಟ್ಟು ಕೆಳಗೆ ನೋಡಿದ.

"ಕಣ್ಣು ಮೇಲೆ, ಕ್ಯಾಪ್ಟನ್," ಅಂದೆ.

ಬಂತು ಅವನದೇ. ಆಮೇಲೆ ಅವನ ಗೆಳೆಯ ವಾಟಿಯದು. ನನ್ನದು. ನಾಲ್ಕನೆಯದರ ಮೇಲೆ ಕೆಂಪು ಗೊರಸಿನ ಗುರುತು — ಮಾರ್ವೆನ್.

ಡೂಗಲ್‌ಗೆ ತಟ್ಟನೆ ಸೊಂಟ ಹಿಡಿಯಿತು. ಹಿಡಿದ ಸೊಂಟದಲ್ಲೇ ಭಾರದ ಚೀಲ ಎತ್ತಿ, ನೆಟ್ಟಗೆ ನಡೆದು ಹೋದ. ಅವನ ನೆರಳಾಗಿಯೇ ಮುದುಕನಾದ ವಾಟಿ ಎರಡು ಹೆಜ್ಜೆ ಹಿಂಬಾಲಿಸಿದ. ನಿಂತ. ತಿರುಗಿ ಬಂದ.

"ಹೊಡಿಯಮ್ಮ ಮೊದ್ಲು. ಈ ಚಳೀಲಿ ಅವನ ಸಿಟ್ಟು ಇಳಿಯೋಕೆ ಕಾದ್ರೆ ನಾನು ಹೆಣ."

ಹೊಡೆದಳು. ನಮ್ಮಿಬ್ಬರನ್ನೂ ಸೋಲಿಸಿದಳು.

ಅದೇ ದಿನ, ಸಂಜೆ 6

ಮಾರ್ವೆನ್ ಇನ್ನೊಂದು ವರ್ಷಕ್ಕೆ ಸಹಿ ಹಾಕಿದಳು. ಗೆಳತಿಯರಿಗೆಂದು ಏಳು ಅರ್ಜಿ ಒಯ್ದಳು. ವಿಲೀನ ಬಿತ್ತು ಕುಳಿಗೆ.

ಆಗಲೇ ಕ್ಲಬ್ಬಿನ ಬಾರು ನೋಡಿಕೊಳ್ಳುವ ಸೆಂಗಾ ಬಂದು ಮೇಜಿನ ಮೇಲೆ ಒಂದು ಬೀಗದ ಕೈ ಇಟ್ಟಳು. ಡೂಗಲ್‌ನ ಕಪಾಟಿನದು. ಕ್ಲಬ್ಬನ್ನೇ ಬಿಟ್ಟನಂತೆ.

"ಬಿಟ್ಟೋದವರಿಗೆ ಫೋನ್ ಮಾಡೋದು ನೀವೇ ಅಲ್ವಾ?" ಮುಖ ಗಂಭೀರ. ಭುಜ ಮಾತ್ರ ಕುಣಿಯುತ್ತಿತ್ತು.

ನಿಯಮ ನಿಯಮವೇ. ಎಡಗೈಯಲ್ಲಿ ಫೋನ್, ಬಲಗೈಯಲ್ಲಿ ಈ ಪೆನ್. ರಿಂಗಾಗುತ್ತಿದೆ. "ದಯವಿಟ್ಟು ಉಳಿಯಿರಿ" ಅನ್ನಬೇಕು — ಈ ಬಾಯಿಂದ, ಆ ಕಿವಿಗೆ. ಎತ್ತದಿರಲಿ ದೇವರೇ. ಇನ್ನೂ ರಿಂಗಾಗುತ್ತಿದೆ... ಇನ್ನೂ... ಇನ್ನೊಂದಾದರೆ ನನ್ನ ಕರ್ತವ್ಯ ಮುಗಿ—