ಹಿಂದಿನ ಸೀಟಿನ ಜಾಮೀನು

ಮಹಡಿಯ ಕೋಣೆ,
ಮಾರ್ಚ್ ೧೪, ಮಧ್ಯಾಹ್ನ

ಗುಬ್ಬಿಯ ಅಪ್ಪನಿಗೆ, ಪ್ರೀತಿಯಿಂದ,

ಹೇಗಿದ್ದೀರಿ? ಬೆನ್ನುನೋವು ಇಳಿಯಿತೇ? ಹಡಗಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ, ಇಲ್ಲ ಕಾಫಿಯಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೀರಾ? ಗುಬ್ಬಿಗೆ ಕೆಳಗಡೆ ಎರಡು ಹಲ್ಲು ಬಂದಿವೆ, ಕಚ್ಚುವುದು ನನ್ನೊಬ್ಬಳನ್ನೇ. ನನಗೆ ನಿದ್ದೆಯೆಂಬುದು ನೆಂಟರ ಹಾಗೆ, ಬರುತ್ತೇನೆಂದು ಹೇಳಿ ಬೇರೆಯವರ ಮನೆಯಲ್ಲಿ ಇಳಿದುಕೊಳ್ಳುತ್ತದೆ. ಫೋನ್ ಮಾಡಿದಾಗೆಲ್ಲ ಅತ್ತೆ ಪಕ್ಕದಲ್ಲೇ ನಿಂತಿರುತ್ತಾರೆ, ಅದಕ್ಕೇ ಈ ಕಾಗದ.

ನಿಮ್ಮ ಹಳೇ ಕಾರಿನ ಸುದ್ದಿ ಅರ್ಧಂಬರ್ಧ ಕೇಳಿರುತ್ತೀರಿ. ನಿಂತಲ್ಲೇ ಗಡಗಡ ನಡುಗುತ್ತಿತ್ತು, ಏರಿನಲ್ಲಿ ಮುಗ್ಗರಿಸುತ್ತಿತ್ತು. ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ನಾಲ್ಕು ಇಂಜೆಕ್ಟರ್‌ಗಳಿಗೂ ವಯಸ್ಸಾಗಿದೆ, ಬದಲಿಸಲೇಬೇಕು ಎಂದರು ಮಾವ. ಗ್ಯಾರೇಜು ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಬೇರೆಯವರ ಕೈಗೆ ಕೊಡಲು ಒಪ್ಪಲಿಲ್ಲ. ನಮ್ಮ ಕೋಣೆಯ ಕಿಟಕಿಯ ಕೆಳಗೇ ಬಾನೆಟ್ ಎತ್ತಿ ನಿಲ್ಲಿಸಿ ಹೊಸದನ್ನು ಕೂರಿಸಿದರು. ನಡುಕ ನಿಂತಿತು, ನಿಜ. ಆದರೆ ಅಂದಿನಿಂದಲೇ ಕೋಣೆಯಲ್ಲಿ ಪೆಟ್ರೋಲ್ ವಾಸನೆ.

ಸೋರುತ್ತಿದೆ ಎಂದೆ. ಮಾವ ಒಂದೊಂದರ ಬುಡಕ್ಕೂ ಬೆರಳಾಡಿಸಿ, "ಒಣಗಿಯೇ ಇದೆಯಲ್ಲಮ್ಮ, ನೀನೇ ಮುಟ್ಟಿ ನೋಡು" ಎಂದರು. ಅತ್ತೆ, "ನಿದ್ದೆಗೆಟ್ಟ ಮೂಗಿಗೆ ಮಲ್ಲಿಗೇನೂ ಸೀಮೆಎಣ್ಣೆ" ಎಂದರು. ನಾನು ಬಿಡಲಿಲ್ಲ. ಊಟಕ್ಕೆ ಕೂತಾಗ ಹೇಳಿದೆ, ಬಟ್ಟೆ ಮಡಿಸುವಾಗ ಹೇಳಿದೆ, ಕೊನೆಗೆ ಎದುರುಮನೆಯ ಟೈಲರ್ ಮುಂದೆಯೂ ಹೇಳಿದೆ. ಮಾವ ಬಿಚ್ಚಿದರು, ರಬ್ಬರ್ ಉಂಗುರಗಳನ್ನು ಬದಲಿಸಿದರು, ಮತ್ತೆ ಕೂರಿಸಿದರು. ವಾಸನೆ ಹೋಗಲಿಲ್ಲ. ಮತ್ತೆ ಬಿಚ್ಚಿದರು. ಆ ಹೊತ್ತಿಗೆ ಅವರ ಬೆರಳು ನಡುಗಲು ಶುರುವಾಗಿತ್ತು. ಕಾರಿನ ನಡುಕ ಯಜಮಾನರಿಗೆ ಹತ್ತಿತು ಎಂದು ಟೈಲರ್ ನಕ್ಕ. ನಾನೂ ನಕ್ಕೆ.

ಅವರ ಗ್ಯಾರೇಜಿನ ಕಟ್ಟಳೆಗಳನ್ನು ಕೇಳುತ್ತಲೇ ನೀವು ಬೆಳೆದವರು, ನನಗೆ ಹೊಸದು. ಬಿಚ್ಚಿದ ಹಳೇ ಸಾಮಾನನ್ನು ಗಾಡಿಯ ಮಾಲೀಕನ ಕಣ್ಣಿಗೆ ತೋರಿಸದೆ ಎಸೆಯುವ ಹಾಗಿಲ್ಲವಂತೆ. ರಿಪೇರಿಯಾದ ಗಾಡಿಯಲ್ಲಿ ಮೊದಲು ತನ್ನ ಮನೆಯವರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿಬರದೆ ಕೀಲಿ ಕೊಡುವ ಹಾಗಿಲ್ಲವಂತೆ. ಅಷ್ಟು ವರ್ಷವೂ ಹಿಂದಿನ ಸೀಟಿನ ಜಾಮೀನು ಅತ್ತೆ. ಈ ಸಲ ಗುಬ್ಬಿಯನ್ನು ಕೊಡು ಎಂದರು. "ಕೆಲಸದ ಮೇಲೆ ಅನುಮಾನ ಇದ್ದಿದ್ರೆ ಮೊಮ್ಮಗಳನ್ನ ಕೂರಿಸ್ತಿದ್ನಾ?"

ನಾನು ಹೂಂ ಎಂದೆ. ಗುಬ್ಬಿಯ ಶಾಲಿನಲ್ಲಿ ದಿಂಬು ಸುತ್ತಿ, ಟೊಪ್ಪಿಗೆ ತೊಡಿಸಿ, ಹಿಂದಿನ ಸೀಟಿನಲ್ಲಿಟ್ಟು ಬೆಲ್ಟು ಬಿಗಿದೆ. ಈಗಷ್ಟೇ ಮಲಗಿದ್ದಾಳೆ ಮಾವ, ತಿರುಗಿ ನೋಡಬೇಡಿ ಎಂದೆ. ಬೀದಿಯ ಗುಂಡಿಗಳನ್ನೆಲ್ಲ ತಪ್ಪಿಸಿಕೊಂಡು, ಆಮೆಯ ಹಾಗೆ, ಆ ದಿಂಬಿಗೆ ಜೋಗುಳ ಹೇಳಿಕೊಂಡು ಹೋದರು. ನಾನು ಗುಬ್ಬಿಯನ್ನು ಎತ್ತಿಕೊಂಡು ಕಿಟಕಿಯಲ್ಲಿ ನಿಂತಿದ್ದೆ. ಟೈಲರ್ ಕಾರನ್ನು ನೋಡಿದ, ನನ್ನನ್ನು ನೋಡಿದ, ಹೊಲಿಗೆ ಬಿಟ್ಟೆದ್ದು ಹೊಟ್ಟೆ ಹಿಡಿದುಕೊಂಡು ನಕ್ಕ. ವಾಪಸು ಬಂದ ಮಾವ, "ನೋಡಮ್ಮ, ಒಂದು ಸಲವೂ ಮಿಸುಕಲಿಲ್ಲ" ಎನ್ನುತ್ತ ಶಾಲಿನ ಗಂಟನ್ನು ತಾವೇ ಎತ್ತಿಕೊಂಡರು. ಗೊತ್ತಾದ ಮೇಲೂ ಕೆಳಗಿಡಲಿಲ್ಲ; ತಲೆ ಇರಬೇಕಾದ ಕಡೆ ಅಂಗೈ ಆನಿಸಿಕೊಂಡೇ ನಿಂತಿದ್ದರು. "ಒಳ್ಳೇದೇ ಮಾಡಿದೆ" ಎಂದರು. "ನನ್ನ ಕೈಯನ್ನ ಈಗ ನಾನೂ ನಂಬಲ್ಲ." ಅತ್ತೆ ಮಾತ್ರ, "ನಾನು ಕೂತ ಜಾಗದಲ್ಲಿ ದಿಂಬು ಕೂರಿಸಿದೆಯಲ್ಲೇ" ಎಂದವರು ಆಮೇಲೆ ನನ್ನ ಜೊತೆ ಮಾತಾಡಿಲ್ಲ.

ಮರುದಿನ ಮಾವ ಸ್ಪ್ಯಾನರ್ ಪೆಟ್ಟಿಗೆಯನ್ನು ಗುಜರಿಯವನಿಗೆ ಕೊಟ್ಟುಬಿಟ್ಟರು. ಕಾರಿಗೆ ಹೊದಿಕೆ ಹಾಕಿ ಹಗ್ಗ ಬಿಗಿದಿದ್ದಾರೆ. ಗುಬ್ಬಿ ಕೈ ಚಾಚಿದರೆ ಎತ್ತಿಕೊಳ್ಳುವ ಮುಂಚೆ ತಮ್ಮ ಬೆರಳುಗಳನ್ನು ಮೂಸಿ ನೋಡಿಕೊಳ್ಳುತ್ತಾರೆ. ಮನೆ ಶಾಂತವಾಗಿದೆ.

ನೀವು ಬೆಚ್ಚಗಿರಿ, ಡೆಕ್ಕಿನ ಅಂಚಿಗೆ ಹೋಗಬೇಡಿ. ಗುಬ್ಬಿ ಈ ಕಾಗದದ ಮೂಲೆಯನ್ನು ಚೀಪಿದ್ದಾಳೆ, ಅದನ್ನೇ ಮುತ್ತೆಂದುಕೊಳ್ಳಿ.

ನಿಮ್ಮ ದಾರಿ ಕಾಯುತ್ತಿರುವ,
ನಿಮ್ಮವಳು

ಬರೆಯಲು ಮರೆತೆ: ನಿನ್ನೆ ನಿಮ್ಮ ಸ್ವೆಟರನ್ನು ಬಿಸಿಲಿಗೆ ಹಾಕೋಣವೆಂದು ನಮ್ಮ ಕೋಣೆಯ ಬೀರು ತೆಗೆದೆ. ನಿಮ್ಮ ಶರ್ಟುಗಳ ಹಿಂದೆ, ಪೆಟ್ರೋಲಿನಲ್ಲಿ ನೆನೆದ ಚಿಂದಿ ಸುತ್ತಿಟ್ಟ ನಾಲ್ಕು ಹಳೇ ಇಂಜೆಕ್ಟರ್. ಗಾಡಿಯ ಮಾಲೀಕರು ನೀವಲ್ಲವೇ, ನಿಮಗೆ ತೋರಿಸಲೆಂದು ಮಾವ ಇಟ್ಟು, ನನ್ನ ಗಲಾಟೆಯಲ್ಲಿ ಮರೆತಿರಬೇಕು. ಅವರಿಗೆ ಹೇಳಿಲ್ಲ. ಕಸದ ಗಾಡಿಗೆ ಹಾಕಿ ಕಿಟಕಿ ತೆರೆದಿಟ್ಟೆ, ವಾಸನೆ ಹೋಯಿತು. ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು. ನೀವು ಬಂದಾಗ ಮಾವ ಕೇಳಿದರೆ, ಹಳೇ ಸಾಮಾನು ನೋಡಿದೆ ಅಂದುಬಿಡಿ, ವಾಸನೆಯ ಮಾತೆತ್ತಬೇಡಿ. ತಪ್ಪು ತಮ್ಮ ಕೈಯದೇ ಎಂದು ಅವರು ಒಪ್ಪಿಕೊಂಡಾಗಿದೆ. ಈಗ ಅಲ್ಲವೆಂದರೆ ಮತ್ತೆ ಹಿಂದಿನ ಸೀಟಿಗೆ ಗುಬ್ಬಿಯನ್ನು ಕೊಡು ಎನ್ನುತ್ತಾರೆ.