ಕೆಂಚಿಯ ಹರಿಗೋಲು

ಹಾಸನ
12 ಅಕ್ಟೋಬರ್ 2025, ಭಾನುವಾರ

ಪ್ರೀತಿಯ ಶೋಭಿ,

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ವಾಟ್ಸಾಪಿನಲ್ಲೇ ಬರೆಯಲು ಕೂತೆ. ನಾಲ್ಕು ಸಲ ಟೈಪ್ ಮಾಡಿ ನಾಲ್ಕು ಸಲವೂ ಡಿಲೀಟ್ ಮಾಡಿದೆ. ನೀಲಿ ಟಿಕ್ ಬಂದು ನಿನ್ನ ಉತ್ತರ ಬರದಿದ್ದರೆ ನನಗೆ ಎಷ್ಟು ಟೆನ್ಷನ್ ಆಗುತ್ತದೆ ಅಂತ ನಿನಗೇ ಗೊತ್ತು. ಕಾಗದದಲ್ಲಿ ಆ ಕಾಟ ಇಲ್ಲ. ಚನ್ನರಾಯಪಟ್ಟಣದ ನಿನ್ನ ನರ್ಸಿಂಗ್ ಹಾಸ್ಟೆಲ್ಲಿನಲ್ಲಿ ಅದು ದಿಂಬಿನ ಕೆಳಗೆ ಬಿದ್ದಿದ್ದರೂ ನನಗೆ ತಿಳಿಯುವುದಿಲ್ಲ.

ಹಂಸ ಮತ್ತು ನಾನು ನಮ್ಮ ಪಿ.ಜಿ.ಯಲ್ಲಿ ಮತ್ತೆ ಕಥೆಯಾಟ ಶುರು ಮಾಡಿದ್ದೇವೆ. ಅದೇ, ಕೀರ್ತಿರಾಜ್ ಸರ್ ಸ್ಕೂಲಿನಲ್ಲಿ ಕಲಿಸಿದ್ದು. ಒಬ್ಬರು ಕಥೆ ನಡೆಸೋದು, ಉಳಿದವರು ಒಂದೊಂದು ಪಾತ್ರವಾಗಿ ‘ಈಗ ನಾನು ಹೀಗೆ ಮಾಡ್ತೀನಿ’ ಅನ್ನೋದು, ಅದು ಆಯಿತೋ ಇಲ್ಲವೋ ದಾಳ ಹೇಳೋದು. ಸ್ಕೂಲ್ ಹಾಸ್ಟೆಲ್ಲಿನ ವಾರ್ಡನ್ ಮೇಡಂ ದಾಳ ನೋಡಿ ಜೂಜು ಅಂತ ಕಿತ್ತುಕೊಂಡ ದಿನ, ಚೌಕಾಬಾರದ ಹಾಗೆ ಮಾಡೋಣ ಅಂತ ನಾಲ್ಕು ಹುಣಸೆ ಬೀಜವನ್ನು ಬಟ್ಟೆ ಒಗೆಯುವ ಕಲ್ಲಿಗೆ ಒಂದು ಮಗ್ಗುಲು ಬೆಳ್ಳಗಾಗುವ ತನಕ ಉಜ್ಜಿದವಳು ನೀನೇ. ಇವತ್ತಿಗೂ ಅವು ನನ್ನ ಜ್ಯಾಮಿಟ್ರಿ ಬಾಕ್ಸಿನಲ್ಲಿವೆ.

ಸೈಕಾಲಜಿ ಮೇಡಂ ಯಾವುದಾದರೂ ಒಂದು ವಿಷಯ ಗಮನಿಸಿ ಬರೆದುಕೊಂಡು ಬನ್ನಿ ಅಂದಿದ್ದಾರೆ. ವಯಸ್ಸಾದ ಹಾಗೆ ಜನ ಆಟದಲ್ಲಿ ಏನು ಹುಡುಕುತ್ತಾರೆ ಅನ್ನುವುದನ್ನು ನಾನು ಆರಿಸಿಕೊಂಡೆ. ನಮ್ಮ ಹಂಸನನ್ನೇ ನೋಡು. ಹನ್ನೆರಡನೇ ವಯಸ್ಸಿನಲ್ಲಿ ಆಟದಲ್ಲಿ ಬೇಲಿ ಅಡ್ಡ ಬಂದರೂ ಕತ್ತಿ ಬೀಸುತ್ತಿದ್ದವಳು, ಕಳೆದ ವಾರ ಕಥೆಯೊಳಗಿನ ಛತ್ರದ ಅಡುಗೆಯವಳ ಮಗಳಿಗೆ ನೋಡಿದ ಗಂಡು ಸರಿಯಿಲ್ಲ ಅಂತ ಇಡೀ ಮಧ್ಯಾಹ್ನ ಜಗಳವಾಡಿದಳು. ಕತ್ತಿ ಎಲ್ಲೇ ಅಂದರೆ, ಅದಿರ್ಲಿ ಬಿಡೇ, ಮೊದ್ಲು ಈ ಗಂಡಿನ್ ವಿಷ್ಯ ಮುಗೀಲಿ ಅಂದಳು.

ಸರಿ, ಚಿಕ್ಕವರಿಗೆ ಹೊಡೆದಾಟ, ದೊಡ್ಡವರಿಗೆ ಮಾತು ಅಂತ ಬರೆದುಕೊಂಡೆ. ಗ್ರಾಫ್ ಕೂಡ ಹಾಕಿದೆ. ಅಷ್ಟರಲ್ಲಿ ಮನೆ ಓನರ್ ಮಗ ಅನಿಲ್‌ಕುಮಾರ್ ಅಣ್ಣ ಬಂದು ಕೂತರು. ನಲವತ್ತು ವರ್ಷ, ಬ್ಯಾಂಕಿನಲ್ಲಿ ಕೆಲಸ. ಬೆಳಿಗ್ಗೆಯಿಂದ ಜನರ ಹತ್ರ ಮಾತಾಡಿ ಸಾಕಾಗಿದೆ ಕಣಮ್ಮ, ನನ್ ಕೈಗೊಂದು ಗದೆ ಕೊಟ್ಬಿಡು, ಯಾರನ್ನ ಹೊಡೀಬೇಕು ಅಷ್ಟು ಹೇಳು ಅಂದರು. ನನ್ನ ಗ್ರಾಫ್ ಅಲ್ಲಿಗೇ ಫೇಲ್.

ಕಥೆ ಮಾತ್ರ ಹಳೆಯದೇ. ಶೆಟ್ಟಿಹಳ್ಳಿಯ ಆ ಮುರಿದ ಚರ್ಚು, ಸುತ್ತ ಅಣೆಕಟ್ಟಿನ ಹಿನ್ನೀರು, ಒಳಗೆ ರಾಕ್ಷಸ. ಅಣ್ಣ ಗದೆ ಎತ್ತಿದರು. ಆಗ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅವರ ಅಮ್ಮ ಜಯಲಕ್ಷ್ಮಮ್ಮ ಬಾಯಿ ಹಾಕಿದರು. ಅಲ್ಲ ಕಣಮ್ಮ, ನೀರು ಬಂದು ಊರಿಗೂರೇ ಎದ್ದೋಯ್ತು ಅಂತೀಯ, ಅವನೊಬ್ಬ ಯಾಕ್ ಉಳ್ಕಂಡ? ಒಡೆಯೋಕ್ ಮುಂಚೆ ಅದ್ನ ಕೇಳೋರೇ ಇಲ್ವಾ?

ಅವರ ತಾಯಿಯ ಊರು ಆ ನೀರಿನ ಕೆಳಗಿದೆಯಂತೆ. ಅದನ್ನು ಆಮೇಲೆ ಹೇಳಿದರು. ಅವರ ಮಾತು ಕೇಳಿ ನಾನು ಕೈಯಲ್ಲಿದ್ದ ಬೀಜಗಳನ್ನು ಕೆಳಗಿಟ್ಟೆ. ಯಾಕೆಂದರೆ ಆ ಪ್ರಶ್ನೆಯನ್ನು ಏಳನೇ ಕ್ಲಾಸಿನಲ್ಲೇ ನೀನು ಕೇಳಿದ್ದೆ.

ಅವತ್ತಿನ ಆಟದಲ್ಲಿ ನೀನು ಹರಿಗೋಲಿನ ಕೆಂಚಿ. ನಾವೆಲ್ಲ ದಡದಲ್ಲಿ ಬಾಣ ಮಸೆಯುತ್ತಿದ್ದಾಗ, ನಾನೊಬ್ಳೇ ಹೋಗಿ ಅವನನ್ನ ಕೇಳ್ತೀನಿ, ಎಲ್ಲಾರೂ ಹೋದ್ಮೇಲೆ ನೀನ್ಯಾಕೆ ಇಲ್ಲೇ ಇದ್ದೀಯ ಅಂತ, ಅಂದೆ. ಥೂ, ಶುರುವಾಯ್ತು ಇವಳ ಇಂಟರ್‌ವ್ಯೂ ಅಂತ ಹಂಸ ನಕ್ಕಳು. ಹರಿಗೋಲು ಸುಳಿ ದಾಟಬೇಕಾದರೆ ಮೂರು ಬೀಜವಾದರೂ ಬಿಳಿ ಬೀಳಬೇಕು ಅಂತ ನಾನು ಹೇಳಿದೆ. ಬೀಜ ಹಾಕೋದೂ ನಾನೇ, ಎಣಿಸೋದೂ ನಾನೇ. ಎರಡೇ ಬಿಳಿ. ಕೆಂಚಿ ಮುಳುಗಿದಳು. ನೀನು ಎದ್ದು ಹೋದೆ. ಮತ್ತೆ ಯಾವತ್ತೂ ಆಟಕ್ಕೆ ಕೂರಲಿಲ್ಲ.

ಅದು ದಸರಾ ರಜೆ ಮುಗಿದ ಮರುವಾರ ಅಂತ ನನಗೆ ಮೊನ್ನೆ ತಾನೇ ಹೊಳೆಯಿತು. ಆ ರಜೆಗೆ ನಾವೆಲ್ಲ ಟ್ರಂಕ್ ಎತ್ತಿಕೊಂಡು ಮನೆಗೆ ಹೋದೆವು. ನಿಮ್ಮಮ್ಮ ಆಸ್ಪತ್ರೆಯಲ್ಲಿದ್ದರು, ನಿಮ್ಮೂರು ಹಳ್ಳಿಮೈಸೂರಿನಿಂದ ನಿನ್ನನ್ನು ಕರೆದೊಯ್ಯಲು ಯಾರೂ ಬರಲಿಲ್ಲ. ಅಡುಗೆ ಸುಬ್ಬಮ್ಮನ ಜೊತೆ ಆ ದೊಡ್ಡ ಡಾರ್ಮಿಟರಿಯಲ್ಲಿ ಹತ್ತು ದಿನ ನೀನೊಬ್ಬಳೇ ಇದ್ದೆ. ಹೊಳೆನರಸೀಪುರದ ನಮ್ಮ ಮನೆಯಿಂದ ನಾನು ನಿನಗೆ ಕೋಡುಬಳೆ ತಂದುಕೊಟ್ಟೆ. ಹೇಗಿದ್ದೆ ಅಂತ ಕೇಳಲೇ ಇಲ್ಲ.

ಹಾಗಾದರೆ ಆಟದ ರುಚಿ ಬದಲಾಗುವುದು ವಯಸ್ಸಿನಿಂದಲೋ, ಆಗಿಹೋದದ್ದರಿಂದಲೋ? ಅಸೈನ್‌ಮೆಂಟಿನಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ. ಜಯಲಕ್ಷ್ಮಮ್ಮ ಅರವತ್ತೆರಡಕ್ಕೆ ಕೇಳಿದ್ದನ್ನು ನೀನು ಹನ್ನೆರಡಕ್ಕೇ ಕೇಳಿದ್ದೆ. ಇವತ್ತಿಗೆ ಸಾಕು ಅಂತ ಆಟ ನಿಲ್ಲಿಸಿದೆ. ರಾಕ್ಷಸ ಯಾಕೆ ಉಳಿದ ಅಂತ ನನಗೂ ಗೊತ್ತಿಲ್ಲ ಕಣೇ. ಅದನ್ನು ಅವನ ಹತ್ರ ಮೊದಲು ನೀನೇ ಕೇಳಬೇಕು ಅನ್ನಿಸುತ್ತಿದೆ.

ಮುಂದಿನ ಭಾನುವಾರ ಬರುತ್ತೀಯಾ? ಬಸ್ ಸ್ಟ್ಯಾಂಡಿಗೆ ನಾನೇ ಬಂದು ಕಾಯುತ್ತೇನೆ. ಆಟ ಬೇಡವೆಂದರೆ ಬರೀ ಊಟ ಮಾಡೋಣ. ಬರದಿದ್ದರೂ ಸರಿ ಅಂತ ಬರೆಯಬೇಕು ಅಂದುಕೊಂಡಿದ್ದೆ, ಆದರೆ ಅದು ಸುಳ್ಳು.

ನಿನ್ನ,
ಶರ್ವಾಣಿ

ತಾ.ಕ.: ಮೇಲೆ ಎರಡು ಬಿಳಿ ಅಂತ ಬರೆದೆ. ಎರಡಲ್ಲ ಶೋಭಿ, ಅವತ್ತು ನಾಲ್ಕೂ ಬಿಳಿಯೇ ಬಿದ್ದಿದ್ದವು. ಅಂಗೈ ಮುಚ್ಚಿ ಎರಡನ್ನು ಮಗುಚಿದೆ. ಹಂಸ ನಗುತ್ತಿದ್ದಳು, ನಿನ್ನ ಮಾತಿನಿಂದ ನನ್ನ ಯುದ್ಧ ಕೆಡುತ್ತಿತ್ತು, ಅಷ್ಟೇ ಕಾರಣ. ಕವರಿನಲ್ಲಿ ಅದೇ ನಾಲ್ಕು ಬೀಜ ಇಟ್ಟಿದ್ದೇನೆ. ಹರಿಗೋಲು ಇನ್ನೂ ಸುಳಿಯ ಹತ್ತಿರವೇ ಇದೆ ಅಂದುಕೊ. ಈ ಸಲ ನೀನೇ ಹಾಕು, ನೀನೇ ಎಣಿಸು. ಎಷ್ಟು ಬಿತ್ತು ಅಂತ ನೀನು ಹೇಳುತ್ತೀಯೋ ಅಷ್ಟೇ ಬಿದ್ದದ್ದು.