ಅಮ್ಮ ವಾಪಸ್ ತೆಗೆಸಿದ ಕಾದಂಬರಿ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಕೂಸೇ,

ಹೇಗಿದ್ದೀಯ? ಕಣ್ಣುರಿ ಕಡಿಮೆಯಾಯಿತೇ? ಅಷ್ಟು ಕಾದಂಬರಿಗಳನ್ನು ನಿನ್ನ ಮುಂದೆ ಸುರಿದು ಓದು ಎಂದು ಕೂರಿಸಿದ್ದಾರಲ್ಲ, ಆ ಪ್ರಶಸ್ತಿಯವರಿಗೆ ಸ್ವಲ್ಪವಾದರೂ ಕರುಣೆ ಬೇಡವೇ? ಏಷ್ಯಾದ ಲೇಖಕರೆಲ್ಲ ಇಷ್ಟು ದಪ್ಪ ದಪ್ಪ ಪುಸ್ತಕ ಬರೆಯುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಾವು ಚೆನ್ನಾಗಿದ್ದೇವೆ, ನನ್ನ ಎಡ ಮಂಡಿ ಮಾತ್ರ ಬಸ್ಸಿನ ಕ್ಲಚ್ಚನ್ನು ಇನ್ನೂ ಮರೆತಿಲ್ಲ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ಎರಡು ಕೋಣೆಯ ಮನೆಯಲ್ಲಿ ನಾನು ಪಿಸುಗುಟ್ಟಿದರೂ ನಿನ್ನ ಅಮ್ಮ ಅಡುಗೆಮನೆಯಿಂದಲೇ ಉತ್ತರ ಕೊಡುತ್ತಾಳೆ. ನಿನಗೆ ಹೇಳಕೂಡದೆಂದು ಆಣೆ ಬೇರೆ ಮಾಡಿಸಿಕೊಂಡಿದ್ದಾಳೆ. ಬರೆಯಕೂಡದು ಅಂದಿಲ್ಲ, ಬರೆಯುತ್ತಿದ್ದೇನೆ.

ಆಸ್ಪತ್ರೆಯ ಲಾಂಡ್ರಿಯಿಂದ ನಿವೃತ್ತಳಾದ ಮೇಲೆ ಅಮ್ಮ ಒಂದು ಕಾದಂಬರಿ ಬರೆದಳು. ಮಧ್ಯಾಹ್ನ ಬಾಗಿಲು ಹಾಕಿಕೊಂಡರೆ ಮಲಗಿದ್ದಾಳೆ ಅಂದುಕೊಂಡಿದ್ದ ನನಗೆ ಅದು ಗೊತ್ತಾದದ್ದು ಪೂರ್ತಿ ಬರೆದು ಮುಗಿಸಿದ ಮೇಲೆ. ಬೇರೆ ಹೆಸರಿನಲ್ಲಿ ಅಚ್ಚು ಹಾಕಿಸಿದಳು. ನಿನ್ನ ವಿಮರ್ಶೆ ಬರುತ್ತದೆಂದರೆ ದೊಡ್ಡ ದೊಡ್ಡವರೇ ಬೆವರುತ್ತಾರಂತೆ, ಇನ್ನು ಅಮ್ಮ ಯಾವ ಲೆಕ್ಕ! "ಯಾರೋ ಬರೆದಿದ್ದು ಅಂತ ಓದ್ಲಿ. ಅಮ್ಮ ಬರೆದಿದ್ದು ಅಂತ ಗೊತ್ತಾದ್ರೆ ಅವಳು ನಿಜ ಹೇಳಲ್ಲ," ಎಂದಳು. ಪ್ರಕಾಶಕರು ಅದನ್ನು ಇದೇ ಪ್ರಶಸ್ತಿಗೆ ಕಳಿಸಿದರು. ಆಮೇಲೆ ನೋಡಿದರೆ ತೀರ್ಪುಗಾರರಲ್ಲಿ ನೀನೂ ಒಬ್ಬಳು.

ಹೋದ ವಾರ ನೀನು ಫೋನು ಮಾಡಿ, "ಅಮ್ಮಾ, ರೋಗಿಗಳ ಬಟ್ಟೆ ಒಗೆಯೋ ಮುಂಚೆ ಜೇಬು ತಡಕಿ, ಸಿಕ್ಕಿದ್ದನ್ನ ಅವರ ಹಾಸಿಗೆ ಹತ್ರ ಹೋಗಿ ಕೊಟ್ಟು ಬರ್ತಿದ್ದೆಯಲ್ಲ, ಅದು ನೀನೊಬ್ಬಳೇನಾ, ಎಲ್ರೂ ಮಾಡ್ತಿದ್ರಾ?" ಎಂದು ಕೇಳಿದೆ. "ಎಲ್ರೂ ಮಾಡ್ತಿದ್ರು," ಎಂದು ಸುಳ್ಳು ಹೇಳಿ ಫೋನಿಟ್ಟ ಅಮ್ಮ ಹಾಲು ಉಕ್ಕಿದರೂ ಎದ್ದು ಹೋಗಲಿಲ್ಲ. "ಓದಿದಾಳೆ ಕಣ್ರೀ," ಎಂದಳು. ಆ ಜೇಬಿನ ಸಂಗತಿ ಅವಳ ಕಾದಂಬರಿಯಲ್ಲೂ ಇದೆಯಲ್ಲ. ಆ ಸಂಜೆ ಅವಳ ಮುಖ ನೀನು ನೋಡಬೇಕಿತ್ತು. ಬೆಳಿಗ್ಗೆ ಎದ್ದವಳೇ ಪ್ರಕಾಶಕರಿಗೆ ಹೇಳಿ ಪುಸ್ತಕವನ್ನು ಸ್ಪರ್ಧೆಯಿಂದ ವಾಪಸ್ ತೆಗೆಸಿದಳು. ತೀರ್ಪುಗಾರರ ಮನೆಯವರ ಪುಸ್ತಕ ಅಲ್ಲಿ ಇರಬಾರದಂತೆ. ಬೇರೆ ಹೆಸರಿದೆಯಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದು ನಾನು ಗೋಗರೆದೆ. "ನಾಳೆ ಗೊತ್ತಾದ್ರೆ ಮಗಳು ತಲೆ ಎತ್ತೋ ಹಾಗಿಲ್ಲ. ಆ ಕುರ್ಚಿಗೆ ಬರೋಕೆ ಅವಳು ಎಷ್ಟು ಒದ್ದಾಡಿದಾಳೆ, ಗೊತ್ತಾ ನಿಮಗೆ?" ಎಂದು ನನ್ನ ಬಾಯಿ ಮುಚ್ಚಿಸಿದಳು. ಈಗ ಮಧ್ಯಾಹ್ನ ಬಾಗಿಲು ತೆರೆದೇ ಇರುತ್ತದೆ, ಅವಳು ನಿಜವಾಗಿಯೂ ಮಲಗಿರುತ್ತಾಳೆ. ಇನ್ನೊಂದು ಬರೆ ಎಂದರೆ ಸಾಕು ಎನ್ನುತ್ತಾಳೆ. ನನಗೆ ನೋಡಲಾಗುವುದಿಲ್ಲ.

ಆ ಪುಸ್ತಕ ಯಾಕೆ ಕಾಣುತ್ತಿಲ್ಲ ಎಂದು ನೀನು ಅಲ್ಲಿ ಹುಡುಕಬಾರದಲ್ಲ, ಅದಕ್ಕೇ ಬರೆದೆ. ಅವಳು ಬಿಟ್ಟುಕೊಟ್ಟಿದ್ದು ನಿನ್ನ ಕುರ್ಚಿಗಾಗಿ, ಗಟ್ಟಿಯಾಗಿ ಕೂತು ಒಳ್ಳೆಯ ತೀರ್ಪು ಕೊಡು. ಕಣ್ಣು ಜೋಪಾನ.

ನಿನ್ನ ಓದಿಗೆ ಯಾರ ದೃಷ್ಟಿಯೂ ತಾಗದಿರಲಿ ಎಂದು ಹರಸುವ,
ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಪ್ರಕಾಶಕರ ಫೋನು ಬಂತು. ನಮಗೆ ಫೋನು ಮಾಡಿದ ಆ ಸಂಜೆಯೇ ನೀನು ತೀರ್ಪುಗಾರರ ಸ್ಥಾನ ಬಿಟ್ಟೆಯಂತೆ, ಸ್ಪರ್ಧೆಯಲ್ಲಿ ನಮ್ಮ ಮನೆಯವರ ಪುಸ್ತಕವಿದೆ ಎಂದು ಹೇಳಿ. ನಿನ್ನ ಜಾಗಕ್ಕೆ ಬೇರೆಯವರು ಬಂದಾಯಿತಂತೆ. ಒಮ್ಮೆ ವಾಪಸ್ ತೆಗೆದ ಪುಸ್ತಕವನ್ನೂ ಮತ್ತೆ ಸೇರಿಸಿಕೊಳ್ಳುವುದಿಲ್ಲವಂತೆ. ಅಯ್ಯೋ, ಇಬ್ಬರಲ್ಲಿ ಒಬ್ಬರಾದರೂ ಒಂದು ಮಾತು ಕೇಳಬಾರದಿತ್ತೇ? ಅಮ್ಮನಿಗೆ ಇನ್ನೂ ಹೇಳಿಲ್ಲ. ಇನ್ನು ನಿನಗೆ ಯಾವ ನಿಯಮದ ಹಂಗೂ ಇಲ್ಲವಲ್ಲ ಕೂಸೇ, ಪತ್ರ ತಲುಪಿದ ಕೂಡಲೇ ಹೊರಟು ಬಾ. ಬಂದು, ಪುಸ್ತಕ ಹೇಗಿತ್ತು ಎಂದು ಅವಳಿಗೆ ಹೇಳು.